ಅಕ್ಕೋರ ಮಾಳಿಗೆಯ ಗಾಳಿಬಟ್ಟಲು

ಅಕ್ಕೋರ ಬಲಗೈ ಬೆರಳಿಗೆ ಸಂಡಿಗೆ ಹಿಟ್ಟು ಒಣಗಿ ಬಿಳಿ ಚಕ್ಕೆ ಎದ್ದಿರುತ್ತಿತ್ತು. ಅದೇ ಕೈಯಲ್ಲಿ ಕಂಪ್ಯೂಟರಿನ ಮೌಸ್ ಹಿಡಿಯುತ್ತಿದ್ದರು. ಒರೆಸಿಕೊಳ್ಳಿ ಅಂದರೆ, "ಇರಲಿ ಬಿಡವ್ವ, ಅದಕ್ಕೂ ಒಂದೀಟು ರುಚಿ ಗೊತ್ತಾಗ್ಲಿ" ಅನ್ನುವರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ ಕುರುಗೋಡಿನ ನಮ್ಮ ಓಣಿಗೆ ಬಂದವರು. ನಮ್ಮ ಎದುರುಮನೆ.

ಅವರು ಬರುವ ಮುಂಚೆ ಓಣಿಯ ಮುಗಿಲು ನನ್ನದಾಗಿತ್ತು. ಬೇಸಿಗೆಯಲ್ಲಿ ಶ್ಯಾವಿಗೆ, ಸಂಡಿಗೆ, ಮೆಣಸಿನಕಾಯಿ ಹರವಬೇಕಾದರೆ ಹೆಂಗಸರೆಲ್ಲ ನನ್ನ ಬಾಗಿಲಿಗೆ ಬಂದು, "ಇವತ್ತು ಹಾಕಾಣೇನಕ್ಕ?" ಎಂದು ಕೇಳಬೇಕು. ನಾನು ಮಾಳಿಗೆ ಹತ್ತಿ, ಸಿರುಗುಪ್ಪದ ದಿಕ್ಕಿಗೆ ನೋಡಿ, ಹೂಂ ಅಥವಾ ಊಹೂಂ ಅನ್ನಬೇಕು. ಗಂಡನ ಮನೆಗೆ ಬಂದ ಮೇಲೆ ನನ್ನ ಮಾತಿಗೆ ಬೆಲೆ ಇದ್ದದ್ದು ಅದೊಂದಕ್ಕೇ.

ಅಕ್ಕೋರು ತಮ್ಮ ಮಾಳಿಗೆಯ ಮೇಲೆ ಕಂಬ ನಿಲ್ಲಿಸಿ, ಅದಕ್ಕೆ ಗಾಳಿಯ ಜೋರು ಅಳೆಯಲು ಗಿರಗಿರ ತಿರುಗುವ ಗಾಳಿಬಟ್ಟಲು, ಮಳೆ ಅಳೆಯುವ ಡಬ್ಬಿ, ಸೆಕೆ-ತೇವ ಹೇಳುವ ಬಿಳಿ ಗೂಡು ಕಟ್ಟಿಸಿದರು. ಅವು ಹೇಳಿದ್ದನ್ನೆಲ್ಲ ಕೋಣೆಯಲ್ಲಿ ಒಂದು ಪುಟ್ಟ ಯಂತ್ರ ತೋರಿಸುತ್ತಿತ್ತು. ಅದನ್ನು ಕಂಪ್ಯೂಟರಿಗೆ ಜೋಡಿಸುವ ದಿನ ನಾನೂ ಹೋಗಿ ಕೂತೆ, ಕೆಡಲಿ ಅಂತಲೇ. ಕಂಪ್ಯೂಟರ್ ಅದನ್ನು ಗುರುತೇ ಹಿಡಿಯಲಿಲ್ಲ. ನನಗೆ ಹಾಲು ಕುಡಿದಷ್ಟು ಖುಷಿ. ಅಕ್ಕೋರು ವೈರ್ ಕಿತ್ತು ನೋಡಿ, "ಅಯ್ಯ, ಇದು ಬರೀ ಫೋನ್ ಚಾರ್ಜ್ ಮಾಡೋ ವೈರ್ ತಂಗಿ. ಕರೆಂಟ್ ಒಯ್ತೈತಿ, ಸುದ್ದಿ ಒಯ್ಯಂಗಿಲ್ಲ" ಎಂದವರೇ ಬಳ್ಳಾರಿಗೆ ಹೋಗಿ ಬೇರೆ ತಂದರು. ಹಚ್ಚಿದ್ದೇ ತಡ, ಪರದೆಯ ಮೇಲೆ ಹಸಿರು ಗೆರೆ ಓಡಿತು. ಮರುದಿನದಿಂದ ಹೆಂಗಸರೆಲ್ಲ ಎದುರುಮನೆಗೆ ಹೋಗತೊಡಗಿದರು. ನನ್ನ ಹೊಟ್ಟೆಗೆ ಕೊಳ್ಳಿ ಇಟ್ಟಂತಾಯಿತು.

ಒಂದು ಬೆಳಿಗ್ಗೆ ಅಕ್ಕೋರು ಹೊರಗೆ ಓಡಿಬಂದು, "ತೇವ ಭಾಳ ಏರೈತಿ, ಮಳಿ ಬರ್ತೈತಿ, ಎಲ್ಲಾ ತಗೀರಿ!" ಎಂದು ಕೂಗಿದರು. ಹಸಿ ಸಂಡಿಗೆಯನ್ನು ಬಟ್ಟೆಸಮೇತ ಎತ್ತಿ ಎಲ್ಲರೂ ಒಳಗೊಯ್ದರು. ಮಳೆ ಎಲ್ಲಿಯದು? ಬೆಂಕಿಯಂಥ ಬಿಸಿಲು! ನಮ್ಮ ಮಾಳಿಗೆ ಹತ್ತಿ ಎದುರಿಗೆ ನೋಡಿದೆ. ಅಕ್ಕೋರು ಒಗೆದ ಸೀರೆಯ ತುದಿಯನ್ನು ಆ ಕಂಬಕ್ಕೇ ಕಟ್ಟಿ ಒಣಹಾಕಿದ್ದರು. ಒದ್ದೆ ಸೀರೆ ಬಿಳಿ ಗೂಡಿಗೆ ಸುತ್ತಿಕೊಂಡಿತ್ತು.

"ಅಕ್ಕೋರ, ಮಳಿ ನಿಮ್ಮ ಸೀರ್ಯಾಗ ಐತ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕೋರೇ. ಆಮೇಲೆ ನನ್ನ ಮನೆಗೆ ಬಂದು, "ತಂಗಿ, ನಾಳಿಂದ ನೀ ಮುಗಿಲು ನೋಡು, ನಾ ಗೆರಿ ನೋಡ್ತೀನಿ. ಇಬ್ಬರೂ ಹೂಂ ಅಂದ್ರ ಮಾತ್ರ ಸಂಡಿಗಿ ಹಾಕ್ಲಿ" ಎಂದರು. ತಪ್ಪು ಮಾಡಿದ್ದೂ ಅವರೇ, ದೊಡ್ಡವರಾದದ್ದೂ ಅವರೇ! ಇನ್ನಷ್ಟು ಹೊಟ್ಟೆ ಉರಿಯಿತು. ಆದರೂ ದಿನಾ ಹೋದೆ. ಗೆರೆ ಓದುವುದನ್ನು ಅಲ್ಲೇ ಕಲಿತೆ.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಅವರ ಮಗಳು ಕಂಬ, ಕಂಪ್ಯೂಟರ್ ಎಲ್ಲ ನಮ್ಮ ಮನೆಗೆ ತಂದುಕೊಟ್ಟು, "ನಿಮಗಽ ಕೊಡಬೇಕಂತ ಅವ್ವ ಹೇಳಿದ್ಲು" ಎಂದಳು. ಕಂಬ ನಮ್ಮ ಮಾಳಿಗೆ ಏರಿತು. ವೈರ್ ನಾನೇ ಹಚ್ಚಿದೆ, ಸರಿಯಾದದ್ದನ್ನೇ.

ಈ ಬೇಸಿಗೆಯಲ್ಲಿ ಒಂದು ದಿನ ಮುಗಿಲು ತಿಳಿಯಾಗಿತ್ತು. ತೇವದ ಗೆರೆ ಮಾತ್ರ ಏರುತ್ತಿತ್ತು. ಕಂಬದ ಮೇಲೆ ಯಾರ ಸೀರೆಯೂ ಇಲ್ಲವೆಂದು ನೋಡಿಕೊಂಡು ಬಂದು, "ಇವತ್ತು ಬ್ಯಾಡ್ರವ್ವ" ಎಂದೆ. ಮಧ್ಯಾಹ್ನ ಗುಡುಗಿ ಸುರಿಯಿತು. ನನ್ನ ಪಡಸಾಲೆಯಲ್ಲಿ ನಿಂತು ಮಳೆ ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮ ಅಕ್ಕೋರು ಸತ್ತಮ್ಯಾಗೂ ಎಷ್ಟು ಬರೋಬ್ಬರಿ ಹೇಳಿದ್ರು ನೋಡ್ರಿ!"

"ಹೇಳಿದಾಕಿ ನಾನು" ಅನ್ನಬೇಕೆಂದು ಬಾಯಿ ತೆರೆದೆ. ಎದುರುಮನೆಯ ಬರಿದಾದ ಮಾಳಿಗೆ ಕಣ್ಣಿಗೆ ಬಿತ್ತು.

"ಹೂನವ್ವ," ಎಂದೆ, "ಅಕ್ಕೋರೇ ಹೇಳಿದ್ದು."