ಬೊಂಬಾಯಿಯಿಂದ ಬಹರೈನಿಗೆ ನಾಲ್ಕು ಗಂಟೆ

ಸಂಪಾಜೆ. ಘಾಟಿ ಹತ್ತುವ ಮೊದಲು ಮಡಿಕೇರಿ ಬಸ್ಸು ಇಲ್ಲಿ ನೀರು ಕುಡಿಯಲೇಬೇಕು. ಡ್ರೈವರ್ ಬಾಬಣ್ಣ ಕೊಡದಿಂದ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದರು. ನಾವೆಲ್ಲ ಚಹಾದ ಅಂಗಡಿಯಲ್ಲಿ ಇದಿನಬ್ಬರನ್ನು ಮುತ್ತಿಕೊಂಡಿದ್ದೆವು. ಸುಳ್ಯದ ಈ ಕಾಳುಮೆಣಸಿನ ವ್ಯಾಪಾರಿ ಮುಂದಿನ ವಾರ ವಿಮಾನ ಹತ್ತುವವರು. ಮಡಿಕೇರಿಯ ತಂಗಿಗೆ ಹೇಳಿ ಬರಲು ಹೊರಟಿದ್ದರು.

ಅವರ ಕೈಯಲ್ಲಿದ್ದ ವಿಮಾನ ಕಂಪೆನಿಯ ಕಾಗದವನ್ನು ನಾನೇ ಗಟ್ಟಿಯಾಗಿ ಓದಿದೆ: ಬೊಂಬಾಯಿಯಿಂದ ಬಹರೈನಿಗೆ ಸಾವಿರದೈನೂರು ಮೈಲು, ನಾಲ್ಕು ಗಂಟೆ! ಪೆನ್ಸಿಲು ತೆಗೆದು ಲೆಕ್ಕ ಹಾಕಿದೆ. ಈ ಒಂದು ಗ್ಲಾಸು ಚಹಾ ಮುಗಿಯುವುದರೊಳಗೆ ಇಲ್ಲಿಂದ ಪುತ್ತೂರು! ಬೆಳಗ್ಗಿನಿಂದ ಅದೇ ದಾರಿಯಲ್ಲಿ ಕುಲುಕಿಕೊಂಡು ಬಂದವರೆಲ್ಲ ಹೋ ಎಂದರು.

ಕೊಡ ಹಿಡಿದುಕೊಂಡೇ ಬಾಬಣ್ಣ ಬಂದರು.

"ನಡುವೆ ಎಲ್ಲಿ ನಿಲ್ಲಿಸುದು?"

"ಎಲ್ಲಿಯೂ ಇಲ್ಲ. ಕೆಳಗೆ ಪೂರಾ ಸಮುದ್ರ" ಎಂದರು ಇದಿನಬ್ಬ, ಹೆಮ್ಮೆಯಿಂದ.

"ಹಾಗಾದ್ರೆ ಇಂಜಿನಿಗೆ ನೀರು ಎಲ್ಲಿಂದ ಮಾರಾಯ್ರೆ? ಉಪ್ಪುನೀರು ಹಾಕ್ಲಿಕ್ಕೆ ಆಗುದಿಲ್ಲ."

ಇದಿನಬ್ಬರ ಮುಖ ಸಣ್ಣದಾಯಿತು. ನಾನು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿದೆ.

ಬಾಬಣ್ಣ ಬಸ್ಸಿಗೆ ಹೋಗಿ ತಮ್ಮ ಸೀಟಿನಡಿಯಿಂದ ಬಾಟ್ಲಿ ತೆಗೆದರು. ಘಾಟಿಯ ಕಡೆಯ ತಿರುವಿಗೆಂದು ಅದರಲ್ಲಿ ಯಾವಾಗಲೂ ನೀರಿಟ್ಟುಕೊಳ್ಳುತ್ತಿದ್ದರಂತೆ. ಅದನ್ನು ತೊಳೆದು, ಹೊಳೆನೀರು ತುಂಬಿಸಿ, ಬಿರಡೆ ಒತ್ತಿ ಇದಿನಬ್ಬರಿಗೆ ಕೊಟ್ಟರು.

"ವಿಮಾನದ ಡ್ರೈವರನಿಗೆ ಕೊಡಿ. ಅವ ಕೇಳದಿದ್ರೂ ಕೊಡಿ."

ಕಡೆಯ ತಿರುವಿನಲ್ಲಿ ನಮ್ಮ ಬಸ್ಸೇ ಕುದಿದು ನಿಂತಿತು. ಇದಿನಬ್ಬ ಮಡಿಲಲ್ಲಿದ್ದ ಬಾಟ್ಲಿಯನ್ನು ಮುಂದೆ ಚಾಚಿದರು.

"ಅದು ವಿಮಾನದ್ದು, ಮುಟ್ಟುದು ಬೇಡ" ಎಂದು ಬಾಬಣ್ಣ ಕೊಡ ಹಿಡಿದು ಕೆಳಗಿನ ತೋಡಿನ ನೀರಿಗೆ ಇಳಿದರು.