ಟ್ಯಾಂಕಿನ ನೆತ್ತಿಯ ಕಡ್ಡಿಹೊರೆ

ಗೆಳೆಯರೇ, ಪ್ರಮಾಣ ಮಾಡಿ ಹೇಳುತ್ತೇನೆ: ನಾನು ಕಳ್ಳ. ರಾಮತೀರ್ಥ ನಗರದ ನನ್ನ ಸ್ವಂತ ಮನೆಯ ಕಸಬರಿಗೆಯಿಂದ ವರ್ಷಗಟ್ಟಲೆ ಕಡ್ಡಿ ಕದ್ದಿದ್ದೇನೆ. ಒಮ್ಮೆಯೂ ಸಿಕ್ಕಿಬಿದ್ದಿಲ್ಲ.

ಕಾರಣ ಘನವಾದದ್ದೇ. ಮೊದಲ ಮಹಾಯುದ್ಧದ ಟ್ಯಾಂಕುಗಳು ನೆತ್ತಿಯ ಮೇಲೆ ಕಟ್ಟಿಗೆಯ ಹೊರೆ ಹೊತ್ತೊಯ್ದು, ಅದನ್ನು ಕಂದಕಕ್ಕೆ ಕೆಡವಿ, ಅದರ ಮೇಲೆ ಹಾಯ್ದು ಹೋಗುತ್ತಿದ್ದವು. ನಾನು ಹವ್ಯಾಸಕ್ಕೆ ಮಾಡುವ ಅಂಗೈಯಗಲದ ಮಾದರಿ ಟ್ಯಾಂಕುಗಳಿಗೆ ಆ ಹೊರೆ ಕಸಬರಿಗೆಯ ಕಡ್ಡಿಯದೇ ಆಗಬೇಕು.

"ಈ ಮನ್ಯಾಗ ಇಲಿ ಕಸಬರಗೀನೂ ತಿನ್ನತಾವೇನ್ರಿ?" ಎಂದು ಹೆಂಡತಿ ಗೊಣಗುತ್ತಿದ್ದಳು. ನಾನೂ ಸೇರಿಕೊಂಡು ಇಲಿಗಳನ್ನು ಬೈಯುತ್ತಿದ್ದೆ.

ಈಗ ಅವಳಿಲ್ಲ. ಇವತ್ತು ಖಾನಾಪುರದಿಂದ ಅವಳ ತಂಗಿ ಬಂದು ಅಡುಗೆಮನೆ ಸ್ವಚ್ಛ ಮಾಡುತ್ತಿದ್ದಳು. ಅಕ್ಕಿ ಡಬ್ಬಿಯ ಹಿಂದಿನಿಂದ ಹೊಸ ಕಸಬರಿಗೆಯೊಂದನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಮಾಮಾ, ಇದು ನಿಮ್ಮದರೀ."

"ನಂದ್ಯಾಕ ಆಗತೈತಿ?"

"ಅಕ್ಕಾನ ಹೇಳಿದ್ಳು. ಸಂತ್ಯಾಗ ಯಾವಾಗಲೂ ಎರಡು ತಗೋತಿದ್ಳು. ಒಂದು ಮನಿಗಿ, ಒಂದು ಇಲಿಗಿ."

ಕಸಬರಿಗೆ ಈಗ ನನ್ನ ಮೇಜಿನ ಮೇಲಿದೆ. ಹೊರೆಯಿಲ್ಲದ ಟ್ಯಾಂಕೊಂದು ಪಕ್ಕದಲ್ಲೇ ಕಾಯುತ್ತಿದೆ. ಒಂದು ಕಡ್ಡಿಯನ್ನೂ ಎಳೆಯಲು ಕೈ ಬರುತ್ತಿಲ್ಲ.

ಮೇಲೆ ಬರೆದದ್ದಕ್ಕೆ ಒಂದು ತಿದ್ದುಪಡಿ: ನಾನು ಎಂದೋ ಸಿಕ್ಕಿಬಿದ್ದಿದ್ದೆ. ಇಲಿಗೆ ಮಾತ್ರ ಅದು ಇವತ್ತು ಗೊತ್ತಾಯಿತು.