ಸಾಲಿನಲ್ಲಿ ನಿಲ್ಲಲು ಕಲಿಸಿದವರು

ಸ್ವತಂತ್ರ ಬದುಕು ಕಲಿಸುತ್ತೇವೆ ಎಂದು ರಾಮನಗರದಲ್ಲಿ ಒಂದು ಕೇಂದ್ರ ತೆರೆದಿದ್ದರು. ಹೆದ್ದಾರಿ ಪಕ್ಕದ ಹೊಲಗಳು ಒಂದೊಂದಾಗಿ ಕಾಂಪೌಂಡ್ ಹಾಕಿಸಿಕೊಂಡು ಕಾರ್ಖಾನೆಗಳಾಗುತ್ತಿದ್ದ ಕಾಲ. ಯಾವುದೋ ಕಾರ್ಖಾನೆಯವರು ಪುಣ್ಯ ಬರಲಿ ಎಂದೋ ಪೇಪರಿನಲ್ಲಿ ಫೋಟೊ ಬರಲಿ ಎಂದೋ ಆ ಕೇಂದ್ರಕ್ಕೆ ಬಣ್ಣ ಹೊಡೆಸಿ ಕುರ್ಚಿ ಕೊಡಿಸಿದ್ದರು. ಓದು ತಲೆಗೆ ಹತ್ತದ, ಹೇಳಿದ್ದನ್ನು ನಿಧಾನವಾಗಿ ಹಿಡಿಯುವ, ಶಾಲೆಯ ವಯಸ್ಸು ದಾಟಿದ ಮಕ್ಕಳಿಗೆ ಅಲ್ಲಿ ತರಬೇತಿ. ನನ್ನ ಮಗಳೂ ಚನ್ನಪಟ್ಟಣದಿಂದ ಅವರ ವ್ಯಾನಿನಲ್ಲಿ ಹೋಗಿಬರುತ್ತಿದ್ದಳು. ವ್ಯಾನು ಮನೆ ಬಾಗಿಲಿಗೇ ಬರುತ್ತಿತ್ತು. ಅದೊಂದು ಉಪಕಾರ, ಇಲ್ಲ ಎನ್ನಲಾರೆ.

ಕಲಿಸುತ್ತಿದ್ದದ್ದನ್ನು ನೋಡಿದರೆ ಮಾತ್ರ ನಗಬೇಕೋ ಉಗಿಯಬೇಕೋ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಮುದ್ದೆ ತಿರುವುವ, ಸೋಮವಾರ ಬಂತೆಂದರೆ ದೇವರ ಪಾತ್ರೆಗಳನ್ನೆಲ್ಲ ಹುಣಸೆಹಣ್ಣಿನಲ್ಲಿ ಉಜ್ಜಿ ಇಡುವ ಹುಡುಗಿಯ ಕೈಗೆ ಪ್ಲಾಸ್ಟಿಕ್ ಚಾಕು ಕೊಟ್ಟು, ಪ್ಲಾಸ್ಟಿಕ್ ಸೇಬು ಕತ್ತರಿಸು ಎನ್ನುತ್ತಿದ್ದರು. ಕುರ್ಚಿಗಳನ್ನು ಜೋಡಿಸಿ, ಇದೇ ಬಸ್ಸು ಎನ್ನುತ್ತಿದ್ದರು. ಆ ಬಸ್ಸಿಗೆ ಒಬ್ಬರ ಹಿಂದೊಬ್ಬರು ಕೈಯಳತೆ ಜಾಗ ಬಿಟ್ಟು ಸಾಲಾಗಿ ಹತ್ತಬೇಕು. ಕಲಿಸುವ ಮೇಡಂ ಬೆಂಗಳೂರಿನಿಂದ ಕಾರಿನಲ್ಲಿ ಬರುವವರು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಾಲು ಎಂಬುದನ್ನು ಇರುವೆಗಳು ಬಿಟ್ಟರೆ ಬೇರೆ ಯಾರೂ ಮಾಡುವುದಿಲ್ಲವೆಂದು ಅವರಿಗೆ ಹೇಳುವವರಾರು?

ರಾಮನಗರ ದಾಟಿದ ಮೇಲೆ ರಸ್ತೆ ಬದಿಯಲ್ಲೇ ಒಂದು ಗಾರ್ಮೆಂಟ್ಸ್ ಶುರುವಾಗಿತ್ತು. ಹೊಲಿದ ಬಟ್ಟೆಯ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಕೇಂದ್ರದಿಂದ ಒಬ್ಬಳನ್ನು ತೆಗೆದುಕೊಳ್ಳುತ್ತೇವೆ ಎಂದರು. ಮಗಳ ಕೈ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಷರತ್ತು ಒಂದೇ, ತಾನೇ ಬಸ್ಸಿನಲ್ಲಿ ಬಂದು ಹೋಗಬೇಕು. ಬರುವ ತಿಂಗಳೊಳಗೆ ಆಗದಿದ್ದರೆ ಬೇರೆಯವರಿಗೆ.

ನನ್ನ ನಾದಿನಿ ಕೇಳಿ ಮೂಗು ಮುರಿದಳು. “ಮನೇಲಿ ಬಿದ್ದಿರ್ಲಿ ಬುಡತ್ಗೆ. ಅದುಕ್ಕೇನು ಅನ್ನಕ್ಕೆ ಗತಿ ಇಲ್ವಾ?”

ಅನ್ನ ಇತ್ತು. ಅದನ್ನು ಇಕ್ಕುವ ನಾನು ಹೋದ ಮೇಲೆ ಇವಳೇ ಇಕ್ಕುತ್ತಾಳೇನೋ ಎಂದು ಅವಳ ಮುಖ ನೋಡಿದೆ. ಅವಳು ಕಾಫಿ ಲೋಟ ನೋಡಿದಳು.

ಒಬ್ಬಳೇ ಬಸ್ಸು ಹತ್ತುತ್ತಾಳೋ ಎಂದು ನೋಡಲು ಕೇಂದ್ರದವರು ಇಟ್ಟ ಪರೀಕ್ಷೆಯ ದಿನ ಮೇಡಂ ಕೈಯಲ್ಲಿ ಪ್ಯಾಡು ಹಿಡಿದು ಚನ್ನಪಟ್ಟಣದ ಬಸ್‌ಸ್ಟ್ಯಾಂಡಿಗೆ ಬಂದರು. ತಾಯಂದಿರು ದೂರ ಇರಬೇಕಂತೆ, ನನ್ನನ್ನು ಟೀ ಅಂಗಡಿ ಹತ್ತಿರ ನಿಲ್ಲಿಸಿದರು. ಬೆಂಗಳೂರಿನ ಬಸ್ಸು ಬಂತು, ಜನ ಬಾಗಿಲಿಗೆ ಜೇನಿನಂತೆ ಮುತ್ತಿದರು. ನನ್ನ ಮಗಳು ಯಾರೂ ಇಲ್ಲದ ಒಂದು ಸಾಲಿನಲ್ಲಿ ಮೊದಲನೆಯವಳಾಗಿ, ಕೈಕಟ್ಟಿ, ನೆಟ್ಟಗೆ ನಿಂತಿದ್ದಳು. ಬಸ್ಸು ಹೋಯಿತು. ಇನ್ನೊಂದೂ ಹೋಯಿತು. ಮುಂದಿನದಕ್ಕೆ ಮೇಡಮ್ಮೇ ಕೈಹಿಡಿದು ಹತ್ತಿಸಿದರು, ಟಿಕೆಟ್ ಮಾತ್ರ ಅವಳೇ ಕೇಳಿ ತೆಗೆದುಕೊಳ್ಳಬೇಕಂತೆ. ಬಸ್ಸು ಗೇಟು ದಾಟುವುದರೊಳಗೆ ಸೀಟಿ ಕೇಳಿಸಿತು, ಇಬ್ಬರೂ ಇಳಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದ. “ಎಲ್ಗೆ ಅಂತ ಎಷ್ಟು ಸಲ ಕೇಳದು? ಬಾಯಿ ಬುಡ್ದೆ ಇದ್ರೆ ನಾನೇನ್ ಶಾಸ್ತ್ರ ಹೇಳ್ಲಾ?”

“ಯಾಕವ್ವ ಹೇಳ್ಲಿಲ್ಲ?” ಎಂದೆ ಮಗಳನ್ನು.

“ಗೊತ್ತಿಲ್ದೋರ ಜೊತೆ ಮಾತಾಡ್ಬಾರ್ದು ಅಂತ ಮೇಡಮ್ಮೇ ಹೇಳವ್ರೆ.”

ಮೇಡಂ ಪ್ಯಾಡಿನಲ್ಲಿ ಏನೋ ಬರೆದುಕೊಳ್ಳುತ್ತ, “ಅದು ಸೇಫ್ಟಿ ರೂಲ್ ಅಮ್ಮ. ಇವಳಿನ್ನೂ ರೆಡಿ ಇಲ್ಲ. ಇನ್ನೊಂದು ವರ್ಷ ಇರಲಿ” ಎಂದರು. ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದವಳು ನಪಾಸು. ಕಲಿಸಿದವರು ಕಾರು ಹತ್ತಿ ಹೋದರು.

ಮಾರನೆಯ ದಿನದಿಂದ ವ್ಯಾನಿಗೆ ಬೇಡ ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳನ್ನು ದಿನಾ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಹೂವಿನವಳನ್ನು ತೋರಿಸಿ, ಬೆಂಗಳೂರು ಬಸ್ಸು ಯಾವುದೆಂದು ಕೇಳು ಎಂದೆ.

“ಹೂವಿನಕ್ಕ ಗೊತ್ತಿರೋಳಾ?”

“ಮಾತಾಡ್ಸುದ್ರೆ ಗೊತ್ತಿರೋಳೇ ಆಯ್ತಾಳೆ. ಮಾತಾಡ್ಸು.”

ಹೂವಿನವಳು ಬಸ್ಸು ತೋರಿಸಿದ್ದಲ್ಲದೆ ಯಾವ ಬೀದಿ, ಯಾರ ಮಗಳು, ತಿಂಡಿ ಏನು ಎಂದೆಲ್ಲ ಕೇಳಿದಳು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಕಾಯುವುದು ಈ ವಿಚಾರಣೆಯೇ. ಎರಡೇ ದಿನಕ್ಕೆ, ಮಗಳು ಬಂದಳೋ ಇಲ್ಲವೋ ಎಂದು ನೋಡುವ ಕಣ್ಣುಗಳು ಅಲ್ಲಿ ಹುಟ್ಟಿಕೊಂಡವು. ಭುಜ ಕೊಟ್ಟು ನುಗ್ಗುವುದನ್ನು ನಾನೇ ಹೇಳಿಕೊಟ್ಟೆ. ಗಾರ್ಮೆಂಟ್ಸ್ ಸ್ಟಾಪು ಬರುವ ಮುಂಚೆ ಎದ್ದು ನಿಲ್ಲುವುದನ್ನು ಪಕ್ಕದಲ್ಲಿ ಕೂತು, ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ಕಲಿಸಿದೆ. ನಾನಿರುವಾಗ ತಪ್ಪಲಿಲ್ಲ. ನಾನಿಲ್ಲದಾಗ ಏನು ಎಂಬುದೇ ಪ್ರಶ್ನೆ.

ತಿಂಗಳು ಮುಗಿಯುವ ಮೊದಲೇ ಗಾರ್ಮೆಂಟ್ಸಿನವರನ್ನು ನಾನೇ ಕಂಡು ಒಪ್ಪಿಸಿ, ಕೆಲಸಕ್ಕೆ ಸೇರುವ ದಿನ ಒಬ್ಬಳನ್ನೇ ಕಳಿಸಿದೆ. ದೇವರ ಮುಂದೆ ಕೂತು ದೊಡ್ಡದೇನನ್ನೂ ಕೇಳಲಿಲ್ಲ. ಸರಿಯಾದ ಜಾಗದಲ್ಲಿ ಇಳಿಸಪ್ಪಾ, ಸಂಜೆ ಈ ಕಡೆಯ ಬಸ್ಸೇ ಹತ್ತಿಸಪ್ಪಾ ಎಂದೆ. ನಾದಿನಿ ಬಂದು, “ಇನ್ನೂ ಬಂದಿಲ್ವಾ?” ಎಂದು ಜಗಲಿಯಲ್ಲಿ ಕೂತಳು, ಅನಾಹುತ ಆದರೆ ತಾನೇ ಮೊದಲು ನೋಡಬೇಕೆನ್ನುವಂತೆ.

ದೀಪ ಹಚ್ಚುವ ಹೊತ್ತಿಗೆ ಮಗಳು ಬಂದಳು. ಜಡೆ ಅರ್ಧ ಬಿಚ್ಚಿಹೋಗಿತ್ತು.

“ಸೀಟ್ ಸಿಕ್ತಾ?” ಎಂದೆ. ಕೇಳಬೇಕಾದದ್ದು ಬೇರೆ, ಬಾಯಿಗೆ ಬಂದದ್ದು ಅದು.

“ಸಿಕ್ತು. ಅಲ್ಲಿ ಯಾರೋ ಒಬ್ಳ ಕರ್ಚೀಫ್ ಕೂತಿತ್ತು. ಎತ್ತಿ ಅವ್ಳ ಕೈಗೆ ಕೊಟ್ಬುಟ್ಟು ಕೂತ್ಕಂಡೆ.”

“ಜಗಳ ಆಡ್ಲಿಲ್ವಾ ಅವ್ಳು?”

“ಆಡುದ್ಲು. ನಾನೂ ಆಡ್ದೆ. ಆಮೇಕೆ ಒಸಿ ಸರ್ಕಂಡು ಅವ್ಳಿಗೂ ಜಾಗ ಬುಟ್ಟೆ. ನಾಳೀಕೂ ಅದೇ ಬಸ್ಸಿಗೆ ಬತ್ತಾಳಂತೆ.”

ನಾದಿನಿ ಜಗಲಿಯಿಂದ ಎದ್ದು ಮನೆಗೆ ಹೋದಳು. ನಾನು ಮಗಳ ಜಡೆ ಬಿಚ್ಚಿ ಎಣ್ಣೆ ಹಚ್ಚಿದೆ.